ಚಿತ್ರಕಲೆ ವಿದ್ಯಾರ್ಥಿಗಳಿಗೆ ವಿನ್ಯಾಸದ ಹಂತಗಳು ಯಾವುವು?

ವಿಷಯ ಹುಡುಕುವುದು, ರಫ್ ಸ್ಕೆಚ್, ಕಾಂಪೊಸಿಷನ್ (ಯಾವುದು ಎಲ್ಲಿ ಬರಬೇಕೆಂದು ಜೋಡಿಸುವುದು), ತಿದ್ದುವುದು, ಫೈನಲ್. ಆದರೆ ಇವು ಹೀಗೆ ಸಾಲಾಗಿ ಬರುವುದು ಕಡಿಮೆ.

ಪಿಕಾಸೊನ ಗೆರ್ನಿಕಾ ಚಿತ್ರವನ್ನೇ ನೋಡಿ. ಪ್ಯಾರಿಸ್ ಪ್ರದರ್ಶನಕ್ಕೆ ಚಿತ್ರ ಬೇಕೆಂದು 1937ರ ಜನವರಿಯಲ್ಲೇ ಕೇಳಿದ್ದರು. ವಿಷಯ ಸಿಕ್ಕಿದ್ದು ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಊರಿನ ಮೇಲೆ ನಡೆದ ಬಾಂಬ್ ದಾಳಿಯ ನಂತರ. ಮೇ 1ಕ್ಕೆ ಸ್ಕೆಚ್ ಶುರು: ಗೂಳಿ, ಕುದುರೆ, ದೀಪ ಹಿಡಿದ ಹೆಂಗಸು. ಸುಮಾರು 7.8 ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಚಿತ್ರ ಶುರುವಾದ ಮೇಲೂ ತಿದ್ದುವುದು ನಿಲ್ಲಲಿಲ್ಲ. ಆ ಕೆಲಸ ನಡೆಯುವಾಗ ಫೋಟೊಗ್ರಾಫರ್ ಡೋರಾ ಮಾರ್ ತೆಗೆದ ಫೋಟೊಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಮೊದಲು ಮೇಲಕ್ಕೆತ್ತಿದ ಮುಷ್ಟಿ ಇತ್ತು. ಆಮೇಲೆ ಅದರ ಹಿಂದೆ ಸೂರ್ಯ ಬಂತು. ಕೊನೆಗೆ ಮುಷ್ಟಿಯೇ ಹೋಯಿತು, ಸೂರ್ಯನ ಜಾಗದಲ್ಲಿ ಕಣ್ಣಿನಂಥ ಆಕಾರ, ಒಳಗೊಂದು ಬಲ್ಬು.

ಚೆನ್ನಾಗಿ ಬಂದಿದ್ದನ್ನೂ ಅಳಿಸುವ ಈ ಹಂತಕ್ಕೇ ಜಾಸ್ತಿ ಸಮಯ ಕೊಡಿ. ಪಿಕಾಸೊ ಸ್ಕೆಚ್‌ಗಳ ಮೇಲೆ ತಾರೀಖು ಹಾಕುತ್ತಿದ್ದ. ನೀವೂ ಹಾಕಿ, ರಫ್ ಹಾಳೆ ಎಸೆಯಬೇಡಿ.