ಮನೆ ಮಾರುವ ಮುಂಚೆ ಒಂದು ತಿಂಗಳು ಅಲ್ಲಿ ಇದ್ದು ಬನ್ನಿ

ಪ್ರಶ್ನೆ: ನನಗೆ 67 ವರ್ಷ, ನಮ್ಮ ಯಜಮಾನರಿಗೆ 74. ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ಮೈಸೂರಿನ ಸರಸ್ವತಿಪುರಂನಲ್ಲಿ ಸ್ವಂತ ಮನೆ ಇದೆ. ಮಗ ಪುಣೆಯಲ್ಲಿ, ಮಗಳು ಅಮೆರಿಕದಲ್ಲಿ. ಹೋದ ವರ್ಷ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದರು. ಎತ್ತೋಕೆ ನನ್ನ ಕೈಲಿ ಆಗಲಿಲ್ಲ. ಎದುರು ಮನೆ ಹುಡುಗ ಬರುವವರೆಗೆ ಮುಕ್ಕಾಲು ಗಂಟೆ ನೆಲದ ಮೇಲೇ ಇದ್ದರು. ಅವತ್ತಿನಿಂದ ಅವರದು ಒಂದೇ ಹಟ. ಈ ಮನೆ ಮಾರಿ, ಕೊಯಮತ್ತೂರಿನ ಹೊರಗಿರುವ ಹಿರಿಯರ ಬಡಾವಣೆಯೊಂದಕ್ಕೆ ಹೋಗೋಣ ಅಂತ. ಇಬ್ಬರೂ ಹೋಗಿ ನೋಡಿ ಬಂದೆವು. ಜಾಗ ಚೆನ್ನಾಗಿದೆ. ಗಿಡಮರ, ಪುಟ್ಟ ಗುಡಿ, ಊಟದ ಹಾಲ್, ನರ್ಸ್ ಎಲ್ಲ ಇದೆ. ಆದರೆ ಎಷ್ಟು ನಿಶ್ಶಬ್ದ ಅಂದರೆ ನನಗೆ ಎದೆ ಭಾರವಾಯಿತು. ಅವರಿಗೆ ಅದೇ ಇಷ್ಟ. ನನಗೆ ಬೆಳಿಗ್ಗೆ ಹೂವಿನವಳ ಕೂಗು ಕೇಳದಿದ್ದರೆ ದಿನ ಶುರುವಾದ ಹಾಗೇ ಇಲ್ಲ. ಈ ತಿಂಗಳ ಕೊನೆಯೊಳಗೆ ಮುಂಗಡ ಕೊಟ್ಟರೆ ರಿಯಾಯಿತಿಯಂತೆ. ನಾದಿನಿ ಬೇರೆ "ಎರಡು ಮಕ್ಕಳಿದ್ದೂ ವೃದ್ಧಾಶ್ರಮಾನಾ?" ಅಂದುಬಿಟ್ಟರು. ಬೇಡ ಅಂದರೆ ಅವರಿಗೆ ನೋವು, ಹೂಂ ಅಂದರೆ ನನಗೆ. ಏನು ಮಾಡಲಿ?

ಒಬ್ಬ ಓದುಗರು, ಮೈಸೂರು

ಪ್ರಿಯ ಅಕ್ಕ,

ನಿಮ್ಮ ಕಾಗದ ಓದಿ ಮುಗಿಸಿದ ಮೇಲೂ ನನ್ನ ಮನಸ್ಸು ಆ ಮುಕ್ಕಾಲು ಗಂಟೆಯಲ್ಲೇ ಸಿಕ್ಕಿಕೊಂಡಿದೆ. ಅವರು ನೆಲದ ಮೇಲೆ, ನೀವು ಪಕ್ಕದಲ್ಲಿ. ಆ ಹೊತ್ತಿನಲ್ಲಿ ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತು ಅಂತ ನಿಮಗೆ ಗೊತ್ತು. ಅವರ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಯಾವತ್ತಾದರೂ ಕೇಳಿದ್ದೀರಾ? ಎತ್ತಲಾಗದೆ ನೀವು ಒದ್ದಾಡುವುದನ್ನು ಅವರು ಕೆಳಗಿನಿಂದ ನೋಡುತ್ತಿದ್ದರಲ್ಲ. "ನಾನು ಹೋದ ಮೇಲೆ ಇವಳು ಹೀಗೆ ಬಿದ್ದರೆ ಯಾರು ಬರ್ತಾರೆ?" ಅನ್ನೋ ಯೋಚನೆ ಬಂದಿರಬಹುದು. ನಮ್ಮ ಕಡೆಯ ಗಂಡಸರು, ಅದರಲ್ಲೂ ಹೆಡ್‌ಮಾಸ್ಟರ್ ಆಗಿದ್ದವರು, ಭಯವಾಗಿದೆ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. "ಅಲ್ಲಿ ನೆಮ್ಮದಿಯಾಗಿದೆ, ಗಲಾಟೆ ಇಲ್ಲ" ಅಂತಾರೆ.

ಅದಕ್ಕೇ ಮೊದಲಿಗೆ ಒಂದು ಕಷ್ಟದ ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿಗೆ ಹೋಗುವಾಗ ನೀವಿಬ್ಬರು. ಆದರೆ ಮುಂದೊಂದು ದಿನ ಅಲ್ಲಿ ಒಬ್ಬರೇ ಉಳಿಯುತ್ತೀರಿ. ವಯಸ್ಸಿನ ಲೆಕ್ಕ ಹಿಡಿದರೆ ಆ ಒಬ್ಬರು ನೀವೇ ಆಗುವುದು ಜಾಸ್ತಿ. ಹಾಗಿರುವಾಗ ಈ ಜಾಗ ಇಬ್ಬರಿಗೂ ಇಷ್ಟವಾಯಿತಾ ಅಂತ ಕೇಳಿದರೆ ಸಾಲದು. ನೀವೊಬ್ಬರೇ ಇದ್ದಾಗ ಅಲ್ಲಿ ದಿನ ಕಳೆಯಬಲ್ಲಿರಾ ಅಂತ ಕೇಳಬೇಕು. ಆದ್ದರಿಂದ ಈ ತೀರ್ಮಾನದಲ್ಲಿ ನಿಮ್ಮ ಮಾತಿಗೆ ಒಂದು ಗುಂಜಿ ಹೆಚ್ಚು ತೂಕ ಇರಲೇಬೇಕು.

ನನ್ನ ಚಿಕ್ಕಮ್ಮ, ಚಿಕ್ಕಪ್ಪ ಹೀಗೇ ಕೊಯಮತ್ತೂರಿನ ಕಡೆ ಹೋದವರು. ಚಿಕ್ಕಪ್ಪನೇ ಜಾಗ ಆರಿಸಿದ್ದು. ಹಿತವಾದ ಗಾಳಿ, ಸಿರುವಾಣಿಯ ಸಿಹಿ ನೀರು, ಪೇಟೆಯಲ್ಲಿ ಒಳ್ಳೊಳ್ಳೆ ಆಸ್ಪತ್ರೆಗಳು. ಹಿರಿಯರಿಗಾಗಿಯೇ ಕಟ್ಟಿದ ಬಡಾವಣೆಗಳು ಆ ಊರಿನ ಸುತ್ತ ಅಷ್ಟೊಂದು ಇರುವುದು ಸುಮ್ನೆ ಅಲ್ಲ. ಎರಡು ವರ್ಷಕ್ಕೆ ಚಿಕ್ಕಪ್ಪ ತೀರಿಕೊಂಡರು. ಅಲ್ಲಿನ ಜನ ಬಹಳ ಒಳ್ಳೆಯವರು. ಹದಿಮೂರು ದಿನ ಚಿಕ್ಕಮ್ಮನನ್ನು ಒಬ್ಬರೇ ಊಟಕ್ಕೆ ಕೂರಲು ಬಿಡಲಿಲ್ಲ. ಚಿಕ್ಕಮ್ಮ ರೂಮಿನಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಪುಟ್ಟ ಪಾತ್ರೆ, ಮನೆಯ ಸಾರಿನ ಪುಡಿ ಡಬ್ಬಿ ಇಟ್ಟುಕೊಂಡಿದ್ದರು. ವಾರಕ್ಕೆ ಎರಡು ದಿನ ತಿಳಿಸಾರು ಮಾಡಿ ಪಕ್ಕದ ರೂಮಿನವರಿಗೂ ಕೊಡುತ್ತಿದ್ದರು. ರಾತ್ರಿ ಗಂಟೆ ಒತ್ತಿದರೆ ನರ್ಸ್ ಓಡಿ ಬರುತ್ತಿದ್ದರು. "ಮಗಳ ಫ್ಲಾಟಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲು ನೋಡ್ತಾ ಕೂರೋದಕ್ಕಿಂತ ಇದು ವಾಸಿ ಕಣೆ" ಅಂತ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ಇದನ್ನು ನಾನು ಮುಚ್ಚಿಡುವುದಿಲ್ಲ.

ಆಮೇಲೆ ಅವರ ಸೊಂಟದ ಮೂಳೆ ಮುರಿಯಿತು. ಮಲಗಿದಲ್ಲೇ ಮಲಗಬೇಕಾಯಿತು. ಸಂತೆಯಲ್ಲಿ ತರಕಾರಿ ಚೌಕಾಸಿ ಮಾಡುವಷ್ಟು ತಮಿಳು ಅವರಿಗೆ ಬರುತ್ತಿತ್ತು. ಆದರೆ ನೋವಿನಲ್ಲಿ ಬಾಯಿಗೆ ಕನ್ನಡವೇ ಬರುತ್ತಿತ್ತು. ನಾನು ನೋಡಲು ಹೋದ ದಿನ "ಮಗ್ಗುಲು ಬದಲಿಸಮ್ಮ, ಮಗ್ಗುಲು" ಅಂತ ಆಯಾಗೆ ಹೇಳುತ್ತಿದ್ದರು. ಆ ಹುಡುಗಿ ಪಾಪ, ಮೊದಲು ನೀರು ತಂದಳು, ಆಮೇಲೆ ಫ್ಯಾನ್ ಹಾಕಿದಳು. ಅವಳ ತಪ್ಪೇನೂ ಇಲ್ಲ. ಮೈಸೂರಿಗೆ ಕರೆದುಕೊಂಡು ಬರೋಣ ಅಂದರೆ ಮನೆ ಮಾರಿ ಆಗಿತ್ತು.

ಆ "ಮನೆ ಮಾರಿ ಆಗಿತ್ತು" ಅನ್ನೋ ಮಾತು ನಿಮಗೆ ಬರಬಾರದು ಅನ್ನೋದೇ ನನ್ನ ಆಸೆ.

ದಾರಿಯ ವಿಷಯವನ್ನೂ ಯೋಚಿಸಿ. ಕೊಯಮತ್ತೂರು ಮೈಸೂರಿನಿಂದ ಸುಮಾರು 200 ಕಿಲೋಮೀಟರ್. ಮ್ಯಾಪಿನಲ್ಲಿ ಹತ್ತಿರವೇ. ಆದರೆ ಚಾಮರಾಜನಗರ, ಸತ್ಯಮಂಗಲದ ಮೇಲೆ ಹೋದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಅಲ್ಲಿ ರಾತ್ರಿ ವಾಹನ ಬಿಡುವುದಿಲ್ಲ. ಬಂಡೀಪುರದ ಮೇಲೆ ಹೋಗೋಣ ಅಂದರೆ ಅಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್. ಆಂಬುಲೆನ್ಸ್ ಬಿಟ್ಟಾರು, ನಿಮ್ಮ ನೆಂಟರ ಕಾರನ್ನು ಬಿಡುವುದಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಬಂದರೆ ನಿಮ್ಮವರು ಹೊರಡುವುದು ಬೆಳಗಾದ ಮೇಲೆ, ಇಲ್ಲವೇ ಊರೂರು ಸುತ್ತಿಕೊಂಡು ಬರಬೇಕು. ಮಕ್ಕಳು ಹೇಗೂ ದೂರ ಇದ್ದಾರೆ. ಅಂಥವರಿಗೆ ಹತ್ತಿರದ ನೆಂಟರೇ ಕೈಕಾಲು ಅಲ್ವಾ?

ಇನ್ನು ದುಡ್ಡು. ಇದನ್ನು ಇಬ್ಬರೂ ಕಾಗದ, ಪೆನ್ನು ಇಟ್ಟುಕೊಂಡು ಮಾಡಿ. ಭಾವನವರಿಗೆ ಬರುವ ಪಿಂಚಣಿ ಮೂಲ ವೇತನದ ಅರ್ಧದ ಲೆಕ್ಕದ್ದು. ನಿಮಗೆ ಮುಂದೆ ಬರುವ ಕುಟುಂಬ ಪಿಂಚಣಿ ಅದೇ ಮೂಲ ವೇತನದ ಶೇಕಡಾ 30ರ ಲೆಕ್ಕದ್ದು. ಅಂದರೆ ಈಗ ಮೂಲ ಪಿಂಚಣಿ 40 ಸಾವಿರ ಇದ್ದರೆ ಆಗ ಅದು 24 ಸಾವಿರ, ಅದರ ಮೇಲೆ ತುಟ್ಟಿಭತ್ಯೆ. ಆದರೆ ಇಬ್ಬರು ಒಬ್ಬರಾದರೂ ಅಲ್ಲಿನ ತಿಂಗಳ ಖರ್ಚು ಅರ್ಧವಾಗುವುದಿಲ್ಲ. ಊಟದ ದುಡ್ಡು ಕಡಿಮೆಯಾಗುತ್ತೆ, ನಿರ್ವಹಣಾ ಶುಲ್ಕ ಹಾಗೇ ಇರುತ್ತೆ, ವರ್ಷಕ್ಕಿಷ್ಟು ಅಂತ ಏರುತ್ತಲೂ ಇರುತ್ತೆ. ಹತ್ತು ವರ್ಷ ಬಿಟ್ಟು, ನೀವೊಬ್ಬರೇ, ಕುಟುಂಬ ಪಿಂಚಣಿಯಲ್ಲಿ ಆ ದುಡ್ಡು ಕಟ್ಟಬಲ್ಲಿರಾ? ಈ ಒಂದು ಲೆಕ್ಕ ಬರೆದು ಅವರ ಮುಂದಿಡಿ. ಅವರು ಮೇಷ್ಟ್ರು. ಬಾಯಿಮಾತಿಗಿಂತ ಲೆಕ್ಕ ಬೇಗ ಒಪ್ಪುತ್ತಾರೆ.

ಅಲ್ಲಿ ಮನೆಯನ್ನು ನಿಮ್ಮ ಹೆಸರಿಗೆ ನೋಂದಣಿ ಮಾಡಿಕೊಡುತ್ತಾರಾ, ಇಲ್ಲಾ ಡೆಪಾಸಿಟ್ ಇಟ್ಟುಕೊಂಡು ಇರುವವರೆಗೆ ಇರಲು ಬಿಡುತ್ತಾರಾ ಅಂತ ನೀವು ಬರೆದಿಲ್ಲ. ಎರಡಕ್ಕೂ ಅಜಗಜಾಂತರ. ಮೈಸೂರಿನ ಮನೆ ಮಾರಿದರೆ ಬರುವ ಲಾಭಕ್ಕೆ ತೆರಿಗೆ ಇದೆ. ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ವಿನಾಯಿತಿ ಸಿಗುತ್ತೆ. ಡೆಪಾಸಿಟ್ ಕೊಟ್ಟು ಇರುವುದು ಮನೆ ಕೊಂಡ ಹಾಗೆ ಆಗುವುದಿಲ್ಲ. ಒಬ್ಬ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬನ್ನಿ. ಕೊಳ್ಳುವುದಾದರೆ ರೇರಾ (ಮನೆ ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ಕರಾರನ್ನು ವಕೀಲರಿಗೆ ತೋರಿಸಿ. ಕರಾರಿನಲ್ಲಿ ನೀವೇ ಹುಡುಕಬೇಕಾದ ಜಾಗ ಒಂದಿದೆ: ಹಾಸಿಗೆ ಹಿಡಿದರೆ ಏನು? ಎಷ್ಟೋ ಕಡೆ ಓಡಾಡಿಕೊಂಡು ಇರುವವರಿಗೆ ಮಾತ್ರ ಆ ಮನೆಗಳು. ಮರೆವು ಜಾಸ್ತಿಯಾದರೆ, ಮಲಗಿದಲ್ಲೇ ಆದರೆ, ಸ್ವಂತ ಖರ್ಚಿನಲ್ಲಿ ಆಯಾ ಇಟ್ಟುಕೊಳ್ಳಿ ಅಂತಾರೆ. ಇಲ್ಲಾ ಬೇರೆ ಕಡೆ ಹೋಗಿ ಅಂತಾರೆ. ಭಾವನವರು ಯಾವ ದಿನಕ್ಕೆ ಹೆದರಿ ಹೋಗುತ್ತಿದ್ದಾರೋ ಆ ದಿನವೇ ಅಲ್ಲಿ ಜಾಗ ಇಲ್ಲ ಅಂದರೆ ಹೇಗೆ?

ನಾದಿನಿಯ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಬಚ್ಚಲಲ್ಲಿ ಬಿದ್ದ ದಿನ ಎತ್ತಲು ಬಂದವನು ಎದುರು ಮನೆ ಹುಡುಗ.

ಆ ಹುಡುಗನ ಬಗ್ಗೆ ಇನ್ನೊಂದು ಮಾತಿದೆ. ನೀವು ಹೂವಿನವಳ ಕೂಗು ಬೇಕು ಅಂತ ಬರೆದಿದ್ದೀರಿ. ಅದು ಸುಮ್ನೆ ಆಸೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದಿನಾ ಒಂದು ಮೊಳ ಮಲ್ಲಿಗೆ ಕೊಡುವವಳು, ಹಾಲು ಹಾಕುವವನು, ಎದುರು ಮನೆಯವರು, ಇವರೆಲ್ಲ ನಿಮ್ಮ ಬಾಗಿಲು ತೆರೆದಿದೆಯಾ ಅಂತ ದಿನಾ ನೋಡುವವರು. ಒಂದು ದಿನ ಬಾಗಿಲು ತೆಗೆಯದಿದ್ದರೆ "ಅಮ್ಮಾವ್ರೇ" ಅಂತ ಕೂಗುತ್ತಾರೆ. ಆದರೆ ಆ ನಂಟನ್ನು ನಂಬಿಕೊಂಡು ಕೂತರೂ ಆಗದು. ಹುಡುಗ ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುತ್ತಾನೆ.

ಹಾಗಾಗಿ "ನಾನು ಬರಲ್ಲ" ಅಂತ ಬರೀ ಹಟ ಮಾಡುವುದನ್ನು ನಿಮಗೂ ನಾನು ಹೇಳಿಕೊಡುವುದಿಲ್ಲ. ಅವರ ಭಯ ನಿಜ. ಮನೆಯಲ್ಲೇ ಇರೋಣ ಅನ್ನುವುದಾದರೆ ಮನೆ ಬದಲಾಗಬೇಕು. ಈ ವಾರವೇ ಕೆಲಸದವರನ್ನು ಕರೆಸಿ ಬಚ್ಚಲಲ್ಲಿ ಜಾರದ ಟೈಲ್ಸ್ ಹಾಕಿಸಿ, ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಸ್ಟೀಲ್ ಹಿಡಿ ಹಾಕಿಸಿ. ಒಳಗಿನ ಚಿಲಕ ತೆಗೆಸಿ, ಹೊರಗಿನಿಂದಲೂ ತೆಗೆಯಬಹುದಾದ ಬೀಗ ಹಾಕಿಸಿ. ಕೋಣೆಯಿಂದ ಬಚ್ಚಲವರೆಗೆ ರಾತ್ರಿ ಪೂರ್ತಿ ಒಂದು ಸಣ್ಣ ದೀಪ ಇರಲಿ. ಜಾಗವಿದ್ದರೆ ಒಂದು ಭಾಗವನ್ನು ಬಾಡಿಗೆ ಸ್ವಲ್ಪ ಕಡಿಮೆಯಾದರೂ ಚಿಂತೆ ಇಲ್ಲ ಅಂತ ಒಂದು ಸಂಸಾರಕ್ಕೆ ಕೊಡಿ. ಮನೆಯ ಇನ್ನೊಂದು ಕೀ ಎರಡು ಕಡೆ ಇರಲಿ. ಹಿರಿಯರ ಸಹಾಯವಾಣಿ 14567 ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ಇಷ್ಟು ಮಾಡಿದರೆ "ಇವಳು ನನ್ನ ಮಾತು ಕೇಳಿಸಿಕೊಂಡಳು" ಅಂತ ಅವರಿಗೂ ಅನ್ನಿಸುತ್ತೆ.

ಅದರ ಜೊತೆಗೆ ಅವರ ಆಸೆಗೂ ಒಂದು ಅವಕಾಶ ಕೊಡಿ. ಮುಂಗಡ ಬೇಡ, ಮನೆ ಮಾರುವ ಮಾತು ಬೇಡ. ರಿಯಾಯಿತಿ ಹೋದರೆ ಹೋಗಲಿ. ಒಂದು ತಿಂಗಳು ಬಾಡಿಗೆ ಕೊಟ್ಟು ಇರುತ್ತೇವೆ ಅಂತ ಆ ಬಡಾವಣೆಯವರನ್ನು ಕೇಳಿ. ಹೀಗೆ ಇದ್ದು ನೋಡಲು ಬಿಡುವ ಜಾಗಗಳು ಇವೆ. ಬಿಡುವುದಿಲ್ಲ ಅಂದರೆ ನನಗಂತೂ ಆ ಜಾಗದ ಮೇಲೆ ಭರವಸೆ ಹುಟ್ಟುವುದಿಲ್ಲ. ನೀವು ಮೊದಲ ಸಲ ಹೋದಾಗ ಹಗಲು ಹೊತ್ತು, ಅವರೇ ಕರೆದುಕೊಂಡು ಹೋಗಿ ತೋರಿಸಿದ್ದು ಅಲ್ವಾ? ಈ ಸಲ ರಾತ್ರಿ ಎಂಟರ ಮೇಲೆ ಹೊರಗೆ ಒಂದು ಸುತ್ತು ಹಾಕಿ. ಯಾರಾದರೂ ಹೊರಗೆ ಕೂತು ಮಾತಾಡುತ್ತಿದ್ದಾರಾ, ಎಲ್ಲರ ಬಾಗಿಲೂ ಹಾಕಿದೆಯಾ ನೋಡಿ. ಒಂದು ರಾತ್ರಿ ಎರಡು ಗಂಟೆಗೆ ಗಂಟೆ ಒತ್ತಿ, ಎಷ್ಟು ಹೊತ್ತಿಗೆ ಯಾರು ಬರುತ್ತಾರೆ ಅಂತ ಗಡಿಯಾರ ನೋಡಿ. ಅವರಿಗೆ ತೊಂದರೆಯಾಯಿತು ಅಂತ ಸಂಕೋಚ ಬೇಡ, ಬೆಳಿಗ್ಗೆ ಹೇಳಿದರಾಯಿತು. ಅಲ್ಲಿ ಒಂಟಿಯಾಗಿ ಉಳಿದಿರುವ ಹೆಂಗಸರನ್ನು ಹುಡುಕಿ, ಅವರ ರೂಮಿಗೆ ಹೋಗಿ ಕೂತು ಮಾತಾಡಿ. ಆಫೀಸಿನವರು ಹೇಳದ ಎಷ್ಟೋ ವಿಷಯ ಅವರು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳುತ್ತಾರೆ.

ಮತ್ತೆ ಒಂದು ವಾರ ಭಾವನವರನ್ನು ಅಲ್ಲೇ ಬಿಟ್ಟು ನೀವು ಮೈಸೂರಿಗೆ ಬನ್ನಿ. ಮುಂದಿನ ವಾರ ಅವರು ಬರಲಿ, ನೀವು ಅಲ್ಲಿ ಒಬ್ಬರೇ ಇರಿ. ವಿಚಿತ್ರ ಅನ್ನಿಸಬಹುದು, ಆದರೂ ಇದನ್ನು ಬಿಡಬೇಡಿ. ಜೊತೆಯಲ್ಲಿದ್ದಾಗ ಹಿತವಾಗಿದ್ದ ನಿಶ್ಶಬ್ದ ಒಬ್ಬರೇ ಇದ್ದಾಗ ಹೇಗಿರುತ್ತೆ ಅಂತ ಅವರಿಗೂ ತಿಳಿಯಲಿ. ಎದೆ ಭಾರವಾಗಿಸಿದ ಆ ನಿಶ್ಶಬ್ದ ನಾಲ್ಕು ಜನ ಪರಿಚಯವಾದ ಮೇಲೆ ಹಗುರಾಗುತ್ತಾ ಅಂತ ನಿಮಗೂ ತಿಳಿಯಲಿ. ನಿಮಗೆ ಅಲ್ಲಿ ಸ್ನೇಹಿತೆಯರು ಸಿಕ್ಕಿ, ಅವರಿಗೇ ಬೇಸರ ಬಂದರೂ ಬರಬಹುದು.

ನನ್ನನ್ನೇ ಕೇಳಿದರೆ, ಕೊಯಮತ್ತೂರು ನಿಮಗೆ ದೂರವಾಯಿತು. ಹೋಗುವುದೇ ಅಂತಾದರೆ ಮೈಸೂರಿನ ಹತ್ತಿರ, ಇಲ್ಲಾ ಬೆಂಗಳೂರಿನ ಕಡೆ ಹುಡುಕಿ. ಕನ್ನಡ ಮಾತಾಡುವ ಆಯಾ ಇರಬೇಕು, ನಿಮ್ಮ ನೆಂಟರು ರಾತ್ರಿಯೇ ಬಂದು ತಲುಪುವಂತಿರಬೇಕು. ಮೊದಲ ವರ್ಷ ಈ ಮನೆಗೆ ಬೀಗ ಹಾಕಿಯಾದರೂ ಇಟ್ಟುಕೊಳ್ಳಿ.

ಈ ಭಾನುವಾರ ತಿಂಡಿ ಆದ ಮೇಲೆ ಅವರ ಪಕ್ಕ ಕೂತು ಒಂದು ಮಾತು ಕೇಳಿ. "ನಾನೇ ಮೊದಲು ಹೋದರೆ ನೀವು ಎಲ್ಲಿರ್ತೀರಿ?" ಅಂತ. ಅವರು ಹೇಳಿ ಮುಗಿಸುವವರೆಗೆ ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ಅದೇ ಪ್ರಶ್ನೆಯನ್ನು ಅವರು ನಿಮಗೆ ಕೇಳಲಿ. ಇಬ್ಬರೂ ಏನು ಹೇಳಿದಿರಿ ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.