ನಿಮ್ಮ ಲೇಖನದಲ್ಲಿ 2021 ಎಲ್ಲಿ?

ಸನ್ನಿವೇಲ್‌ನಿಂದ ಬರೆದ ಗೆಳೆಯರಿಗೆ, ನಮಸ್ಕಾರ.

‘ಲೆಕ್ಕದವರ ಕೈಗೆ ಸಿಕ್ಕ ಜೈಂಟ್ಸ್’ ತಲುಪಿತು. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಅದಕ್ಕೂ ಸಂತೋಷ. ಆದರೆ ಎರಡನೇ ಸಲ ಓದುವಾಗ ನನಗೆ ಸಿಟ್ಟು ಬಂತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನೀವು ಹೇಳುವ ಕತೆ ಇಷ್ಟು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 2010, 2012, 2014ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಲೀಗಿನ ಕಿರೀಟ, ಗೆದ್ದ ತಂಡ. ಅಂಕಿಅಂಶ ನಂಬುವ ಫರ್ಹಾನ್ ಜೈದಿ ತಂಡ ಕಟ್ಟುವ ಮುಖ್ಯಸ್ಥರಾಗಿ ಬಂದರು, ತಂಡ ಕೆಟ್ಟಿತು. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 79 ಗೆಲುವು, 2024ರಲ್ಲಿ 80. ಕೊನೆಗೆ ಜೈದಿಯವರನ್ನು ತೆಗೆದರು. ಗೆದ್ದ ಕಾಲದ ಕ್ಯಾಚರ್ ಬಸ್ಟರ್ ಪೋಸಿ ಆ ಕುರ್ಚಿಗೆ ಬಂದರು. ನಿಮಗೆ ಸಮಾಧಾನವಾಯಿತು, ಲೇಖನ ಮುಗಿಯಿತು.

2021 ಎಲ್ಲಿ? ಮೊದಲಿಂದ ಕೊನೆಯವರೆಗೆ ಹುಡುಕಿದೆ, ಒಂದು ಸಾಲೂ ಇಲ್ಲ. ಆ ವರ್ಷ ಜೈಂಟ್ಸ್ 107 ಪಂದ್ಯ ಗೆದ್ದಿತು. ಆ ಕ್ಲಬ್ಬಿನ ಇತಿಹಾಸದಲ್ಲಿ ಬೇರೆ ಯಾವ ವರ್ಷವೂ ಅಷ್ಟು ಗೆಲುವಿಲ್ಲ. ಬದ್ಧ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ 106 ಗೆದ್ದೂ ಎರಡನೇ ಸ್ಥಾನದಲ್ಲಿ ನಿಂತಿತು. ಆಗಲೂ ಅದೇ ಜೈದಿ, ಪಂದ್ಯದಲ್ಲಿ ತಂಡ ನಡೆಸುವ ಅದೇ ಮ್ಯಾನೇಜರ್ ಗೇಬ್ ಕ್ಯಾಪ್ಲರ್, ಅದೇ ಲೆಕ್ಕ. ಜೈಂಟ್ಸ್ ಅಂದರೆ ಪ್ರಾಣ ಅನ್ನುವ ನಿಮಗೆ ಇದು ಮರೆತುಹೋಗಿರಲಾರದು. ಬೇಡ ಅಂತಲೇ ಬಿಟ್ಟಿದ್ದೀರಿ.

ಈಗ ನಿಮ್ಮ ಸಾಲುಗಳಿಗೇ ಬರೋಣ.

“2014ರ ನಂತರ ಚೆನ್ನಾಗಿಯೇ ನಡೆಯುತ್ತಿದ್ದ ತಂಡ ಲೆಕ್ಕದವರ ಕೈಗೆ ಹೋಗಿ ಹಾಳಾಯಿತು.” ಚೆನ್ನಾಗಿ ನಡೆಯುತ್ತಿತ್ತೇ? 2017ರಲ್ಲಿ ಜೈಂಟ್ಸ್ 98 ಪಂದ್ಯ ಸೋತಿತ್ತು. 2018ರಲ್ಲಿ 89. ಜೈದಿಯವರನ್ನು ಕರೆತಂದದ್ದು 2018ರ ನವೆಂಬರಿನಲ್ಲಿ, ತಂಡ ನೆಲಕಚ್ಚಿದ ಮೇಲೆ. ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಮಾಡಿ, ಓಕ್ಲಂಡ್ ತಂಡದಲ್ಲಿ ಕೆಲಸ ಕಲಿತು, ಡಾಡ್ಜರ್ಸ್‌ನಲ್ಲಿ ಹೆಸರು ಮಾಡಿದ್ದವರು. ಅವರನ್ನು ಯಾಕೆ ಕರೆದರು ಅನ್ನುವುದೇ ನಿಮ್ಮ ಓದುಗರಿಗೆ ಗೊತ್ತಾಗುವುದಿಲ್ಲ.

“ಎಡಗೈ, ಬಲಗೈ ಅಂತ ಜಾತಕ ನೋಡಿ ಆಟಗಾರರನ್ನು ಬದಲಾಯಿಸುತ್ತಿದ್ದರು.” ಓದಲು ಮಜವಾಗಿದೆ. ಆದರೆ ಮುಂದಿನ ಸಾಲಿಗೆ ಹಾರಿಬಿಟ್ಟಿರಿ. ಇಲ್ಲಿ ನಿಲ್ಲಬೇಕಿತ್ತು. ಚೆಂಡು ಎಸೆಯುವವನು ಪಿಚರ್; ಬಲಗೈ ಪಿಚರ್ ಎಸೆದ ಸ್ಲೈಡರ್, ಅಂದರೆ ಪಕ್ಕಕ್ಕೆ ತಿರುಗುವ ಚೆಂಡು, ಬಲಗೈ ಬ್ಯಾಟರ್‌ನಿಂದ ದೂರ ಓಡುತ್ತದೆ. ಎಡಗೈ ಬ್ಯಾಟರ್ ಕಡೆಗೆ ಅದೇ ಚೆಂಡು ಒಳಗೆ ಬರುತ್ತದೆ, ಅವನಿಗೆ ಅದು ಬೇಗ ಕಾಣುತ್ತದೆ. ಹಾಗಾಗಿ ಒಂದೇ ಜಾಗಕ್ಕೆ ಇಬ್ಬರನ್ನು ಇಟ್ಟುಕೊಂಡು, ಎದುರಿಗೆ ಯಾರು ಎಸೆಯುತ್ತಾರೆ ಎಂದು ನೋಡಿ ಇಳಿಸುವುದು. ಇದಕ್ಕೆ ಪ್ಲಾಟೂನ್ ಎನ್ನುತ್ತಾರೆ. ಬಹಳ ಹಳೆಯ ಉಪಾಯ, ಜೈದಿ ಕಂಡುಹಿಡಿದದ್ದಲ್ಲ. ಅವರು ಅದನ್ನು ತಂಡದ ತುಂಬ ಹರಡಿದರು. 2021ರಲ್ಲಿ ಬದಲಿ ಬ್ಯಾಟರ್ ಆಗಿ ಇಳಿದವರೇ 18 ಹೋಮ್ ರನ್ (ನಮ್ಮ ಸಿಕ್ಸರಿನಂಥದು) ಹೊಡೆದರು, ಲೀಗಿನಲ್ಲೇ ಅದು ದಾಖಲೆ. ಇದನ್ನು ನೀವೇ ಒಪ್ಪಿಕೊಂಡು ಬರೆದಿದ್ದರೆ ಮುಂದೆ ನೀವು ಬೈಯುವ ಬೈಗುಳಕ್ಕೆ ತೂಕ ಬರುತ್ತಿತ್ತು.

ಯಾಕೆಂದರೆ ಈ ಉಪಾಯಕ್ಕೆ ಬೆಲೆಯೂ ಉಂಟು. ಬೇಸ್‌ಬಾಲಿನಲ್ಲಿ ಹೊರಗೆ ಬಂದವನು ಆ ದಿನ ಮತ್ತೆ ಒಳಗೆ ಹೋಗುವಂತಿಲ್ಲ. ಪಂದ್ಯಕ್ಕೆ ಒಂಬತ್ತು ಇನ್ನಿಂಗ್; ಎದುರಿನವರು ಆರನೇ ಇನ್ನಿಂಗಿನಲ್ಲಿ ಎಡಗೈ ಪಿಚರ್ ತಂದರೆ, ಅಲ್ಲಿಯವರೆಗೆ ಚೆನ್ನಾಗಿ ಹೊಡೆದ ಎಡಗೈ ಹುಡುಗ ಬೆಂಚಿಗೆ ಹೋಗುತ್ತಾನೆ. ಒಂಬತ್ತನೇ ಇನ್ನಿಂಗಿನಲ್ಲಿ ಅವನು ಬೇಕು ಅನ್ನಿಸಿದಾಗ ಇಲ್ಲ. ಟಿಕೆಟ್ ಕೊಂಡು ಅವನನ್ನೇ ನೋಡಲು ಬಂದವರ ಹೊಟ್ಟೆ ಉರಿಯುವುದು ಅಲ್ಲಿ. ನಿಮ್ಮ ದೂರು ಅದೇ ಅಲ್ವಾ? ಅದನ್ನು ಹೇಳದೆ ಸುಮ್ನೆ “ಆಟಗಾರನ ಹೃದಯವನ್ನು ಯಾವ ಕಂಪ್ಯೂಟರ್ ಅಳೆಯಬಲ್ಲದು?” ಎಂದು ಬರೆದಿದ್ದೀರಿ. ಈ ಸಾಲನ್ನು ಪಂದ್ಯವನ್ನೇ ನೋಡದವರೂ ಬರೆಯಬಹುದು. ತೆಗೆಯಿರಿ.

ನಾನು ಕೆಲಸ ಕಲಿತದ್ದು ದಿನಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿ, ರಾತ್ರಿ ಪಾಳಿಯಲ್ಲಿ. ಜಿಲ್ಲೆಗಳಿಂದ ಬಾತ್ಮೀದಾರರು ಫೋನಿನಲ್ಲಿ ಲೀಗ್ ಪಂದ್ಯದ ಸ್ಕೋರು ಹೇಳುತ್ತಿದ್ದರು, ನಾವು ಕಿವಿಗೂ ಭುಜಕ್ಕೂ ರಿಸೀವರ್ ಸಿಕ್ಕಿಸಿಕೊಂಡು ಬರೆದುಕೊಳ್ಳಬೇಕು. ಒಬ್ಬೊಬ್ಬರ ರನ್ನು, ಇತರೆ ರನ್ನು ಎಲ್ಲ ಕೂಡಿದರೆ ಮೊತ್ತಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಯಾವನೋ ಹೊಡೆದ ಬೌಂಡರಿ ನಮ್ಮ ಕೈಯಲ್ಲಿ ಕಳೆದುಹೋಗಿದೆ ಎಂದರ್ಥ. ನಮ್ಮ ಚೀಫ್ ಸಬ್ ಆ ನಾಲ್ಕು ರನ್ನು ಸಿಗುವ ತನಕ ಪುಟ ಬಿಡುತ್ತಿರಲಿಲ್ಲ, ಪ್ರೆಸ್ಸಿನವರು ಮೆಟ್ಟಿಲಲ್ಲಿ ಬಂದು ನಿಂತರೂ. ಕರ್ನಾಟಕ ಸೋತ ದಿನ ಹುಡುಗರು ಆಯ್ಕೆಗಾರರನ್ನು ಬೈದು ವರದಿ ಬರೆದರೆ ಅವರು ಒಂದೇ ಮಾತು ಕೇಳುತ್ತಿದ್ದರು: “ಅವರು ಹಾಗೆ ಯಾಕೆ ಮಾಡಿದರಂತೆ? ಅದು ಎರಡನೇ ಪ್ಯಾರಾದಲ್ಲಿ ಬರಲಿ. ಆಮೇಲೆ ಬೈಕೋ.” ನಾನು ಇವತ್ತಿಗೂ ಕಾಪಿ ನೋಡುವುದು ಅವರ ಕಣ್ಣಿನಿಂದಲೇ. ನಿಮ್ಮ ಲೇಖನ ತಾಳೆಯಾಗುತ್ತಿಲ್ಲ. ಒಂದಿಡೀ ವರ್ಷ ಕಳೆದುಹೋಗಿದೆ.

ಒಂದಲ್ಲ, ಎರಡು. “ಪೋಸಿ ಬಂದರು, ಆಟ ಮತ್ತೆ ಆಟಗಾರರ ಕೈಗೆ ಬಂತು” ಎಂದು ಮುಗಿಸಿದ್ದೀರಿ. 2025ರಲ್ಲಿ ಪೋಸಿಯವರ ಕೈಯಲ್ಲಿ ತಂಡ ಎಷ್ಟು ಗೆದ್ದಿತು? 81 ಗೆಲುವು, 81 ಸೋಲು. ಜೈದಿ ಕಾಲದ 2022ರದ್ದೇ ಲೆಕ್ಕ, ಒಂದು ಪಂದ್ಯವೂ ಆಚೀಚೆ ಇಲ್ಲ. ಸೀಸನ್ ಮುಗಿದ ಕೂಡಲೇ ಮ್ಯಾನೇಜರ್ ಬಾಬ್ ಮೆಲ್ವಿನ್ ಕೆಲಸ ಹೋಯಿತು. ಹಾಗಾದರೆ ರೋಗ ಎಲ್ಲಿದೆ? 2021ರಲ್ಲಿ ಲೆಕ್ಕದ ಜೊತೆಗೆ ಮೈದಾನದಲ್ಲಿ ಹಳೆಯ ಆಟಗಾರರಾದ ಪೋಸಿ, ಕ್ರಾಫರ್ಡ್, ಬೆಲ್ಟ್ ಇದ್ದರು. ಮೂವತ್ತು ದಾಟಿದ ಆ ಮೂವರೂ ಆ ವರ್ಷ ಅದ್ಭುತವಾಗಿ ಆಡಿದರು. ಪೋಸಿ ನಿವೃತ್ತರಾದರು, ಪಿಚರ್ ಗಾಸ್ಮನ್ ಟೊರಾಂಟೊಗೆ ಹೋದರು. ಆ ಜಾಗಗಳು ಸರಿಯಾಗಿ ತುಂಬಲೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಬಹುದು, ನೀವು ನನಗಿಂತ ಹೆಚ್ಚು ಪಂದ್ಯ ನೋಡಿದವರು. ಆದರೆ ಆ ಪ್ರಶ್ನೆ ನಿಮ್ಮ ಲೇಖನದೊಳಗೆ ಬರಬೇಕು.

ಇನ್ನೊಂದು ವಿಷಯ. ಮೂರನೇ ಪುಟದಲ್ಲಿ ಎರಡೇ ಸಾಲಿನಲ್ಲಿ ಒಬ್ಬ ಅಜ್ಜ ಬಂದುಹೋಗುತ್ತಾರೆ. ಓರೇಕಲ್ ಪಾರ್ಕಿನಲ್ಲಿ ನಿಮ್ಮ ಪಕ್ಕದ ಸೀಟು. ತೊಡೆಯ ಮೇಲೆ ಸ್ಕೋರ್ ಕಾರ್ಡು, ಕೈಯಲ್ಲಿ ಪೆನ್ಸಿಲ್. ಎಂಟನೇ ಇನ್ನಿಂಗಿಗೆ ಬದಲಿ ಆಟಗಾರರ ಹೆಸರು ಬರೆಯಲು ಕಾರ್ಡಿನ ಚೌಕದಲ್ಲಿ ಜಾಗ ಸಾಲದೆ, ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದರು ಎಂದಿದ್ದೀರಿ. ನಾನು ಅಲ್ಲಿ ಓದುವುದನ್ನು ನಿಲ್ಲಿಸಿ ಕೂತುಬಿಟ್ಟೆ. ಕಂಪ್ಯೂಟರನ್ನು ಬೈಯಲು ನೀವು ಎರಡು ಪುಟ ಖರ್ಚು ಮಾಡಿದ್ದೀರಿ. ಪ್ಲಾಟೂನ್ ಒಬ್ಬ ಅಭಿಮಾನಿಗೆ ಏನು ಮಾಡುತ್ತದೆ ಅನ್ನುವುದನ್ನು ಈ ಅಜ್ಜ ಎರಡು ಸಾಲಿನಲ್ಲಿ ಕಾಣಿಸಿದ್ದಾರೆ. ಅವರು 2021ರಲ್ಲೂ ಅದೇ ಸೀಟಿನಲ್ಲಿ ಇದ್ದರೇ? ಆಗಲೂ ಹೆಸರುಗಳು ಅಂಚಿಗೆ ಹೋಗುತ್ತಿದ್ದವೇ? ಆಗ ಅವರಿಗೆ ಬೇಜಾರಿತ್ತೇ, ಇಲ್ಲ ಗೆಲ್ಲುತ್ತಿದ್ದಾರಲ್ಲ ಎಂದು ಸಹಿಸಿಕೊಂಡರೇ? ಕೇಳಿ ಬರೆಯಿರಿ.

ಕಂಪ್ಯೂಟರಿನ ಎರಡು ಪುಟ ಪೂರ್ತಿ ಹೋಗಲಿ. 2021 ಬರಲಿ. ಆ ವರ್ಷ ಡಾಡ್ಜರ್ಸ್ ವಿರುದ್ಧ ಪ್ಲೇಆಫ್ ಸರಣಿಯ ಕೊನೆಯ ಪಂದ್ಯದಲ್ಲಿ ನಮ್ಮ ಬ್ಯಾಟರ್ ಫ್ಲೋರೆಸ್ ಅರ್ಧಕ್ಕೆ ತಡೆದ ಬ್ಯಾಟನ್ನು ಅಂಪೈರ್ ‘ಬೀಸಿದ’ ಎಂದು ಔಟ್ ಕೊಟ್ಟುಬಿಟ್ಟ ಗಳಿಗೆಯೂ ಬರಲಿ, ಆ ರಾತ್ರಿ ನೀವು ಎಲ್ಲಿದ್ದಿರಿ ಎಂಬುದೂ. 2025ನ್ನೂ ಸೇರಿಸಿ. ಅಜ್ಜನ ಕಾರ್ಡಿನ ಫೋಟೋ ತೆಗೆಯಲು ಅವರು ಒಪ್ಪಿದರೆ ಅದನ್ನೂ ಕಳಿಸಿ, ಲೇಖನದ ಜೊತೆಗೇ ಹಾಕೋಣ. ಹೊಸ ಸೀಸನ್ ಶುರುವಾಗುವ ಮೊದಲು ಕೈಗೆ ಸಿಕ್ಕರೆ ಒಳ್ಳೆಯದು. ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ