ಓದುಗರ ಪ್ರಶ್ನೆ: ಹಳೇ ಜೀಪಿನ ಒಳಹೊರಗು

ಪ್ರಶ್ನೆ (ಸಕಲೇಶಪುರ): ನಮ್ಮೂರಲ್ಲಿ ಒಂದು ಹಳೇ ಜೀಪು ಮಾರಾಟಕ್ಕಿದೆ. ‘ಯುದ್ಧಕಾಲದ ವಿಲ್ಲಿಸ್, 1944ರದ್ದು’ ಎಂದು ಹೇಳಿ ಅದಕ್ಕೆ ತಕ್ಕ ಬೆಲೆ ಕೇಳುತ್ತಿದ್ದಾರೆ. ಬಾನೆಟ್ ಪಕ್ಕದಲ್ಲಿ ‘ವಿಲ್ಲಿಸ್’ ಎಂದು ತಗಡಿನಲ್ಲೇ ಅಕ್ಷರ ಒತ್ತಿದೆ. ನಂಬಬಹುದೇ?

ಉತ್ತರ: ಅನುಮಾನ ಪಡಲು ಆ ಅಕ್ಷರಗಳೇ ಮೊದಲ ಕಾರಣ. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನ ಬಾನೆಟ್ ಮೇಲೆ ಹೀಗೆ ಹೆಸರು ಒತ್ತುತ್ತಿರಲಿಲ್ಲ. 1945ರಲ್ಲಿ ಜನಸಾಮಾನ್ಯರಿಗೆಂದು ಬಂದ ಸಿಜೆ-2ಎ ಮಾದರಿಯಿಂದ ಅದು ಶುರುವಾಯಿತು.

ಹೆಸರನ್ನು ಬಿಟ್ಟು ಗಾಡಿಯ ಎದುರು ನಿಂತು ಗ್ರಿಲ್ಲಿನ ಸೀಳುಗಳನ್ನು ಎಣಿಸಿ. ಒಂಬತ್ತು ಇದ್ದರೆ ಮಿಲಿಟರಿ ಗ್ರಿಲ್, ಏಳು ಇದ್ದರೆ ಸಿಜೆ. (ತೀರಾ ಮೊದಲ ಎಂಬಿಗಳಿಗೆ ಒತ್ತಿದ ತಗಡಿನ ಗ್ರಿಲ್ ಇರಲಿಲ್ಲ, ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡಿದ್ದರು. ಅಂಥದ್ದು ಸಿಕ್ಕರೆ ನಿಜಕ್ಕೂ ಅಪರೂಪ.) ಆದರೆ ಗ್ರಿಲ್ ಬೋಲ್ಟ್ ಬಿಚ್ಚಿ ಬದಲಿಸಬಹುದಾದ ವಸ್ತು. ಅದನ್ನೊಂದೇ ನಂಬಿ ದುಡ್ಡು ಕೊಡಬೇಡಿ.

ಮುಂದೆ ಹೆಡ್‌ಲೈಟ್ ನೋಡಿ. ಮಿಲಿಟರಿ ಜೀಪಿನ ದೀಪಗಳು ಚಿಕ್ಕವು, ಗ್ರಿಲ್ಲಿನ ಹಿಂದೆ ಒಳಸರಿದು ಕೂತಿರುತ್ತವೆ. ಬಾನೆಟ್ ಎತ್ತಿ ಚಿಟ್ಟೆ ನಟ್ ಸಡಿಲಿಸಿದರೆ ದೀಪ ಕೀಲಿನ ಮೇಲೆ ಹಿಂದಕ್ಕೆ ಮಗುಚಿ ಎಂಜಿನ್ ಮೇಲೆ ಬೆಳಕು ಬೀಳುತ್ತದೆ; ಕತ್ತಲಲ್ಲಿ ರಿಪೇರಿ ಮಾಡುವ ಸೈನಿಕನಿಗಾಗಿ ಮಾಡಿದ ಏರ್ಪಾಡು ಅದು. ಸಿಜೆಯಲ್ಲಿ 7 ಇಂಚಿನ ದೊಡ್ಡ ದೀಪಗಳು ಹೊರಗೇ ಎದ್ದು ಕಾಣುತ್ತವೆ. ಮಿಲಿಟರಿ ಗಾಡಿಯ ಹಿಂಬದಿ ತಗಡು ತೆರೆಯುವುದಿಲ್ಲ, ಸ್ಟೆಪ್ನಿ ಅದಕ್ಕೇ ತೂಗಿರುತ್ತದೆ. ಸಿಜೆ-2ಎಗೆ ಹಿಂದೆ ಕೆಳಕ್ಕೆ ಬೀಳುವ ಬಾಗಿಲಿದೆ. ಪೆಟ್ರೋಲ್ ಮುಚ್ಚಳ ಡ್ರೈವರ್ ಸೀಟಿನ ಅಡಿಯಲ್ಲಿದ್ದರೆ ಮಿಲಿಟರಿ, ಬಾಡಿಯ ಹೊರಮೈಯಲ್ಲಿದ್ದರೆ ಸಿಜೆ. ಯುದ್ಧಕಾಲದವೆಲ್ಲ ಎಡಗಡೆ ಸ್ಟೇರಿಂಗಿನವು. ಬಲಗಡೆ ಇದ್ದರೆ ಫೈರ್‌ವಾಲ್ (ಎಂಜಿನ್ನಿಗೂ ಡ್ರೈವರಿಗೂ ನಡುವಿನ) ತಗಡಿನ ಎಡಭಾಗದಲ್ಲಿ ತೂತು ಮುಚ್ಚಿದ ತೇಪೆ ಇದೆಯೇ ಎಂದು ಕೈಯಾಡಿಸಿ ನೋಡಿ.

ಕೊನೆಯದಾಗಿ ರೇಡಿಯೇಟರ್ ಕೆಳಗೆ ತಲೆ ಹಾಕಿ ಛಾಸಿಯ ಮುಂದಿನ ಅಡ್ಡಪಟ್ಟಿ ನೋಡಿ. ಅದು ದುಂಡನೆಯ ಪೈಪಾಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ತೊಟ್ಟಿಯ ಹಾಗೆ ಚೌಕವಾಗಿದ್ದರೆ ಫೋರ್ಡ್ ಮಾಡಿದ ಜಿಪಿಡಬ್ಲ್ಯೂ. ಫೋರ್ಡ್‌ನವರು ಬೋಲ್ಟ್ ತಲೆಗಳ ಮೇಲೂ ‘ಎಫ್’ ಅಕ್ಷರ ಹೊಡೆಯುತ್ತಿದ್ದರು. ಛಾಸಿ ಒಬ್ಬರದು, ಬಾಡಿ ಇನ್ನೊಬ್ಬರದು ಆಗಿರುವುದು ನಮ್ಮಲ್ಲಿ ಸಾಮಾನ್ಯ. ಓಡಿಸಲು ಅದರಿಂದ ತೊಂದರೆಯಿಲ್ಲ, ಆದರೆ ‘ಅಸಲಿ’ ಎಂಬ ಬೆಲೆಗೆ ಅದು ತಕ್ಕದ್ದಲ್ಲ. ಬಾನೆಟ್ ಎತ್ತರವಾಗಿ ಡಬ್ಬಿಯ ಹಾಗಿದ್ದರೆ ಚರ್ಚೆಯೇ ಬೇಡ, ಅದು ಸಿಜೆ-3ಬಿ. ಮಹೀಂದ್ರ ಕಂಪನಿ ಬಹಳ ವರ್ಷ ಇಲ್ಲಿ ತಯಾರಿಸಿದ್ದು ಅದನ್ನೇ. ಛಾಸಿ ನಂಬರನ್ನು ಆರ್‌ಸಿ ಜೊತೆ ಹೋಲಿಸದೆ ಮುಂಗಡ ಕೊಡಬೇಡಿ.

ಪ್ರಶ್ನೆ (ಶಿವಮೊಗ್ಗ): ಜೀಪನ್ನು ಮೊದಲು ಮಾಡಿದ್ದು ವಿಲ್ಲಿಸ್ಸೋ ಫೋರ್ಡೋ? ಈಗ ಆ ಹೆಸರು ಯಾರದು?

ಉತ್ತರ: ಇಬ್ಬರೂ ಅಲ್ಲ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು, 49 ದಿನದಲ್ಲಿ ಮಾದರಿ ಗಾಡಿ ತಂದು ನಿಲ್ಲಿಸಬೇಕು ಎಂದು ಷರತ್ತು ಹಾಕಿತು. ಬ್ಯಾಂಟಮ್‌ಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದರು. ಸೆಪ್ಟೆಂಬರ್ 23ರಂದು ಗಾಡಿ ಮೇರಿಲ್ಯಾಂಡ್‌ನ ಹೋಲಬರ್ಡ್ ಶಿಬಿರ ತಲುಪಿತು.

ಸಣ್ಣ ಕಂಪನಿಯಿಂದ ಸಾಕಷ್ಟು ಗಾಡಿ ಬರಲಾರದು ಎಂಬ ಅಳುಕಿನಿಂದ ಸೈನ್ಯ ಆ ನಕ್ಷೆಗಳನ್ನು ವಿಲ್ಲಿಸ್‌ಗೂ ಫೋರ್ಡ್‌ಗೂ ಕೊಟ್ಟಿತು. ವಿಲ್ಲಿಸ್ ಗೆದ್ದದ್ದು ಎಂಜಿನ್ನಿನಿಂದ. ಬಾರ್ನಿ ರೂಸ್ ಎಂಬ ಎಂಜಿನಿಯರ್ 48 ಅಶ್ವಶಕ್ತಿಯ ಕಾರಿನ ಎಂಜಿನ್ನನ್ನು ತಿದ್ದಿ ತೀಡಿ 60ಕ್ಕೆ ಏರಿಸಿದ್ದರು. ‘ಗೋ-ಡೆವಿಲ್’ ಎಂದು ಹೆಸರಾದ ಈ ನಾಲ್ಕು ಸಿಲಿಂಡರಿನ ಸೈಡ್‌ವಾಲ್ವ್ ಎಂಜಿನ್ 2.2 ಲೀಟರಿನದು. ಉಳಿದಿಬ್ಬರ ಬಳಿ ಇಷ್ಟು ಬಲ ಇರಲಿಲ್ಲ. 1941ರಲ್ಲಿ ದೊಡ್ಡ ಗುತ್ತಿಗೆ ಒಹಾಯೋದ ಟೊಲಿಡೊದಲ್ಲಿದ್ದ ವಿಲ್ಲಿಸ್ ಪಾಲಾಯಿತು. ಅದೇ ನಕ್ಷೆಯಂತೆ ಫೋರ್ಡ್ ಕೂಡ ತಯಾರಿಸಿತು. ಎರಡೂ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷ ದಾಟಿದ್ದವು. ಮೊದಲು ಮಾಡಿದ ಬ್ಯಾಂಟಮ್‌ಗೆ ಉಳಿದದ್ದು ಜೀಪಿನ ಹಿಂದೆ ಎಳೆಯುವ ಟ್ರೇಲರ್‌ಗಳ ಕೆಲಸ. ಜೀಪು ತಮ್ಮದೇ ಸೃಷ್ಟಿ ಎಂದು ವಿಲ್ಲಿಸ್ ಜಾಹೀರಾತು ಕೊಟ್ಟಾಗ, ಹಾಗೆ ಹೇಳಿಕೊಳ್ಳಕೂಡದು ಎಂದು ಅಮೆರಿಕದ ವ್ಯಾಪಾರ ಆಯೋಗ 1948ರಲ್ಲಿ ಆದೇಶಿಸಿತು. ಬ್ಯಾಂಟಮ್‌ಗೆ ಸಿಕ್ಕ ನ್ಯಾಯ ಅಷ್ಟೇ, ಅದೂ ತಡವಾಗಿ.

1950ರಲ್ಲಿ ‘ಜೀಪ್’ ವಿಲ್ಲಿಸ್‌ನ ಟ್ರೇಡ್‌ಮಾರ್ಕ್ ಆಯಿತು. ಮುಂದೆ 1953ರಲ್ಲಿ ಕೈಸರ್, 1970ರಲ್ಲಿ ಅಮೆರಿಕನ್ ಮೋಟಾರ್ಸ್, 1987ರಲ್ಲಿ ಕ್ರೈಸ್ಲರ್ ಕೈಗೆ ಹೋಗಿ, ನಡುವೆ ಡೈಮ್ಲರ್, ಫಿಯಟ್ ಕೂಡಿಕೊಂಡು, 2021ರಿಂದ ಸ್ಟೆಲಾಂಟಿಸ್ ಬಳಿ ಇದೆ. ಜಿಪಿಡಬ್ಲ್ಯೂದಲ್ಲಿ ‘ಜಿಪಿ’ ಎಂದರೆ ‘ಜನರಲ್ ಪರ್ಪಸ್’ ಎನ್ನುವವರು ಬಹಳ. ಫೋರ್ಡ್ ಸಂಕೇತದಲ್ಲಿ ‘ಜಿ’ ಸರ್ಕಾರಿ ಗುತ್ತಿಗೆಗೆ, ‘ಪಿ’ 80 ಇಂಚಿನ ಚಕ್ರಾಂತರಕ್ಕೆ, ‘ಡಬ್ಲ್ಯೂ’ ವಿಲ್ಲಿಸ್ ನಕ್ಷೆಗೆ.

ಪ್ರಶ್ನೆ (ಮೂಡಿಗೆರೆ): ತೋಟದ ಕೆಸರಲ್ಲಿ ಫೋರ್‌ವೀಲ್ ಹಾಕಿದರೆ ಚೆನ್ನಾಗಿ ಎಳೆಯುತ್ತದೆ. ಟಾರು ರಸ್ತೆಗೆ ಬಂದ ಮೇಲೆ ಲಿವರ್ ಹಿಂದಕ್ಕೆ ಬರುವುದೇ ಇಲ್ಲ. ಸುತ್ತಿಗೆಯಲ್ಲಿ ಹೊಡೆದು ತೆಗೆದದ್ದೂ ಉಂಟು. ಟ್ರಾನ್ಸ್‌ಫರ್ ಕೇಸ್ ಕೆಟ್ಟಿದೆಯೇ?

ಉತ್ತರ: ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಕೆಟ್ಟಿಲ್ಲ, ಆದರೆ ಸುತ್ತಿಗೆ ಹೀಗೇ ಬಿದ್ದರೆ ಕೆಡುತ್ತದೆ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ, ಅಂದರೆ ಹೆಚ್ಚು ಉರುಳಬೇಕು. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಸುತ್ತಿನ ವ್ಯತ್ಯಾಸ ತಾಳಿಕೊಳ್ಳುವ ಡಿಫರೆನ್ಷಿಯಲ್ ಇಲ್ಲ; ಫೋರ್‌ವೀಲ್ ಹಾಕಿದಾಗ ಎರಡೂ ಶಾಫ್ಟ್ ಒಂದಕ್ಕೊಂದು ಕಟ್ಟಿದಂತೆ. ಕೆಸರಲ್ಲಾದರೆ ಚಕ್ರ ಒಂದಿಷ್ಟು ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟ್‌ಗಳು ಮುರಿಗೊಳ್ಳುತ್ತವೆ, ಆ ಬಿಗುವಿನಲ್ಲಿ ಒಳಗಿನ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ.

ಬಿಡಿಸುವುದು ಸುಲಭ. ಸ್ಟೇರಿಂಗ್ ನೇರವಾಗಿಟ್ಟು ರಿವರ್ಸಿನಲ್ಲಿ ಹತ್ತು ಹದಿನೈದು ಅಡಿ ನಿಧಾನ ಬನ್ನಿ. ಕ್ಲಚ್ ಒತ್ತುತ್ತಿದ್ದಂತೆ ಲಿವರನ್ನು ಹಗುರವಾಗಿ ಎಳೆದು ಹಿಡಿದಿರಿ. ಬಿಗಿ ಬಿಟ್ಟ ಕ್ಷಣ ತಾನೇ ಜಾರಿ ಬರುತ್ತದೆ. ಬರದಿದ್ದರೆ ಸಮತಟ್ಟಿನಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ. ಚಕ್ರ ನೆಲ ಬಿಡುತ್ತಲೇ ಫಟ್ ಎಂದು ತಿರುಗುವುದುಂಟು, ಕೈ ದೂರವಿರಲಿ.

ನೇರ ರಸ್ತೆಯಲ್ಲೂ ಹೀಗಾಗುತ್ತಿದ್ದರೆ ಟೈರ್ ನೋಡಿ. ಮುಂದೆ ಹೊಸ ಜೋಡಿ, ಹಿಂದೆ ಸವೆದ ಜೋಡಿ ಹಾಕಿದ್ದರೆ ಸುತ್ತಳತೆಯ ವ್ಯತ್ಯಾಸವೇ ಸಾಕು. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ತಳ್ಳಿ, ಹತ್ತು ಸುತ್ತು ಉರುಳಿದಾಗ ಎಷ್ಟು ದೂರ ಹೋಯಿತೆಂದು ಮುಂದಿನ ಟೈರಿಗೂ ಹಿಂದಿನ ಟೈರಿಗೂ ಬೇರೆಬೇರೆ ಅಳೆಯಿರಿ. ಲೋ ಗೇರನ್ನು ಗಾಡಿ ನಿಲ್ಲಿಸಿಯೇ ಹಾಕಬೇಕು. ಸಿಜೆ-3ಬಿಯಲ್ಲಿ ಮೊದಲ ಗೇರು 2.8, ಲೋ 2.46, ಆಕ್ಸಲ್ 5.38, ಗುಣಿಸಿದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 37 ಸುತ್ತು. ಅಷ್ಟು ಬಲವನ್ನು ಟಾರಿನ ಮೇಲೆ ಹಾಕಿದರೆ ಮುರಿಯುವುದು ಆಕ್ಸಲ್ ಶಾಫ್ಟೇ.

ಪ್ರಶ್ನೆ (ಹೊಸನಗರ): ಎಡಗಡೆ ಚಕ್ರದ ನಟ್ ಬಿಚ್ಚಲು ಪಾನಾಕ್ಕೆ ಪೈಪ್ ತೊಡಿಸಿ ಒತ್ತಿದರೂ ಬರಲಿಲ್ಲ, ಸ್ಟಡ್ ಮುರಿಯಿತು.

ಉತ್ತರ: ನೀವು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದಿರಿ. ಹಳೇ ಜೀಪುಗಳ ಎಡ ಚಕ್ರಗಳಿಗೆ ಉಲ್ಟಾ ತ್ರೆಡ್. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಹೊಸ ಸ್ಟಡ್ ತರುವಾಗ ಎಡಗಡೆಯದೇ ಕೇಳಿ. ಹಬ್ ಬದಲಾಗಿರಬಹುದು, ಆದ್ದರಿಂದ ಪ್ರತಿ ಚಕ್ರದ ಸ್ಟಡ್ ತುದಿಯ ಸುರುಳಿ ಯಾವ ಕಡೆ ಏರುತ್ತದೆಂದು ನೋಡಿಯೇ ಪಾನಾ ಹಾಕಿ.

ಪ್ರಶ್ನೆ (ವಿರಾಜಪೇಟೆ): 50 ಕಿ.ಮೀ. ವೇಗದಲ್ಲಿ ಗುಂಡಿಗೆ ಬಿದ್ದರೆ ಸ್ಟೇರಿಂಗ್ ಕೈಗೆ ಸಿಗದಷ್ಟು ಅದುರುತ್ತದೆ. ಸ್ಟೇರಿಂಗ್ ಬಾಕ್ಸ್ ಟೈಟ್ ಮಾಡಿಸಿದೆ, ಇನ್ನೂ ಹೆಚ್ಚಾಯಿತು.

ಉತ್ತರ: ಬಾಕ್ಸಿಗೆ ಮೊದಲು ಕೈ ಹಾಕಿದ್ದೇ ತಪ್ಪು. ಅದನ್ನು ಮೊದಲಿನ ಸ್ಥಿತಿಗೆ ಸಡಿಲಿಸಿ, ನೆಲದಿಂದ ಮೇಲಕ್ಕೆ ಹುಡುಕುತ್ತ ಬನ್ನಿ.

ಎರಡೂ ಮುಂದಿನ ಟೈರಿನ ಗಾಳಿ ಸಮ ಮಾಡಿ. ಮುಂಭಾಗ ಎತ್ತಿ, ಚಕ್ರದ ನೆತ್ತಿ ಮತ್ತು ತಳ ಹಿಡಿದು ಅಲುಗಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಆಟ ನಿಂತರೆ ಅದು ವೀಲ್ ಬೇರಿಂಗ್. ಬ್ರೇಕ್ ಹಿಡಿದರೂ ಆಟ ಉಳಿದರೆ ಕಿಂಗ್‌ಪಿನ್ ಬೇರಿಂಗ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನದು), ಇಂಥ ಅದುರಿಗೆ ಬಹುಪಾಲು ಅದೇ ಮೂಲ. ಬೇರಿಂಗ್ ಕಪ್ಪಿನಲ್ಲಿ ರೋಲರ್ ಗುರುತು ಬಿದ್ದಿದ್ದರೆ ಬದಲಿಸಲೇಬೇಕು. ಇಲ್ಲದಿದ್ದರೆ ಮೇಲಿನ ಮತ್ತು ಕೆಳಗಿನ ಮುಚ್ಚಳಗಳ ಅಡಿಯಿಂದ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಮಾಡಬಹುದು. ಎರಡೂ ಕಡೆ ಸಮ ದಪ್ಪದ ಶಿಮ್ ತೆಗೆಯಿರಿ. ಒಂದೇ ಕಡೆ ತೆಗೆದರೆ ಒಳಗಿನ ಆಕ್ಸಲ್ ಶಾಫ್ಟ್ ನಡುಮಧ್ಯದಿಂದ ಸರಿಯುತ್ತದೆ.

ಆಮೇಲೆ ಬೆಲ್‌ಕ್ರಾಂಕ್. ಸ್ಟೇರಿಂಗಿನ ಎಳೆತ ಮುಂದಿನ ಅಡ್ಡಪಟ್ಟಿಯ ಮೇಲಿರುವ ಈ ತುಂಡಿನ ಮೂಲಕ ಎರಡು ಟೈರಾಡ್‌ಗಳಿಗೆ ಹಂಚಿಹೋಗುತ್ತದೆ. ಅದರ ಪಿನ್ನಿನ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಸ್ಟೇರಿಂಗನ್ನು ಒಂದೆರಡು ಇಂಚು ಆಚೀಚೆ ಆಡಿಸಿ. ಸವೆದಿದ್ದರೆ ಬೆರಳಿಗೇ ‘ಟಕ್’ ಎಂದು ಗೊತ್ತಾಗುತ್ತದೆ. ಪಾಟಾದ ಶಾಕಲ್‌ಗಳನ್ನೂ ಹೀಗೇ ಪರೀಕ್ಷಿಸಿ. ಎಲ್ಲ ಮುಗಿದ ಮೇಲಷ್ಟೇ ಟೋ-ಇನ್ (ಮುಂದಿನ ಎರಡು ಚಕ್ರಗಳ ಮುಂಬದಿ ಹಿಂಬದಿಗಿಂತ ಎಷ್ಟು ಹತ್ತಿರ ಎಂಬ ಅಳತೆ): 3/64ರಿಂದ 3/32 ಇಂಚು, ಅಂದರೆ ಸುಮಾರು 1.2ರಿಂದ 2.4 ಮಿ.ಮೀ.

ಪ್ರಶ್ನೆ (ಸುಳ್ಯ): ಹ್ಯಾಂಡ್‌ಬ್ರೇಕ್ ಲೈನರ್ ಹೊಸದು ಹಾಕಿದರೂ ತಿಂಗಳಲ್ಲೇ ಹಿಡಿಯದಂತಾಗುತ್ತದೆ.

ಉತ್ತರ: ಈ ಗಾಡಿಯ ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂಬದಿ ಶಾಫ್ಟಿನ ಮೇಲಿದೆ. ಸೀಲ್ ಸೋರಿದರೆ ಲೈನರ್ ಎಣ್ಣೆಯಲ್ಲಿ ನೆನೆಯುತ್ತದೆ. ಸೀಲ್ ಹಾಕುವ ಮುನ್ನ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡರ ಪ್ಲಗ್ಗನ್ನೂ ಒಟ್ಟಿಗೆ ತೆಗೆದು ನೋಡಿ. ಎಣ್ಣೆ ಪ್ಲಗ್ ತೂತಿನ ಅಂಚಿಗಿರಬೇಕು. ಗೇರ್‌ಬಾಕ್ಸಿನಲ್ಲಿ ಕಡಿಮೆಯಾಗಿ, ಟ್ರಾನ್ಸ್‌ಫರ್ ಕೇಸಿನಿಂದ ಹೊರಚೆಲ್ಲಿದರೆ ಎಣ್ಣೆ ನಡುವಿನ ಬೇರಿಂಗ್ ದಾಟಿ ಹೋಗುತ್ತಿದೆ. ಅದನ್ನು ನಿಲ್ಲಿಸದೆ ಎಷ್ಟು ಸೀಲ್ ಹಾಕಿದರೂ ವ್ಯರ್ಥ. ಗಾಳಿಕಿಂಡಿ ಕೆಸರಿನಿಂದ ಮುಚ್ಚಿದ್ದರೂ ಒಳಒತ್ತಡಕ್ಕೆ ಎಣ್ಣೆ ಸೀಲನ್ನು ತಳ್ಳಿಕೊಂಡು ಬರುತ್ತದೆ, ಅದನ್ನು ಮೊದಲು ತೊಳೆಯಿರಿ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಎಣ್ಣೆಯನ್ನೇ ಹಾಕಿ. ಆಕ್ಸಲ್‌ಗೆಂದು ತಂದ ಜಿಎಲ್-5 ಮಿಕ್ಕಿದೆಯೆಂದು ಇಲ್ಲಿ ಸುರಿದರೆ ಅದರ ಗಂಧಕದ ಅಂಶ ಸಿಂಕ್ರೊದ ಹಿತ್ತಾಳೆ ಉಂಗುರಗಳನ್ನು ತಿನ್ನುತ್ತದೆ.

ಪ್ರಶ್ನೆ (ಬೆಳ್ತಂಗಡಿ): ನಮ್ಮದು ಪೆಟ್ರೋಲ್ ಸಿಜೆ-3ಬಿ. ಟ್ಯಾಪೆಟ್ ಹೊಂದಿಸಿ ತಿಂಗಳಾಗಿಲ್ಲ, ಆದರೂ ಚಾರ್ಮಾಡಿ ಘಾಟಿ ಹತ್ತುವಾಗ ಶಕ್ತಿಯಿಲ್ಲ.

ಉತ್ತರ: ಟ್ಯಾಪೆಟ್ ಹೊಂದಿಸುವುದೆಂದರೆ ವಾಲ್ವ್‌ಗಳ ಸಂದು ಸರಿಮಾಡುವುದು. ಎಷ್ಟು ವಾಲ್ವ್ ಹೊಂದಿಸಿದರು ಎಂದು ಕೇಳಿ. ಈ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ಕೆಳಗೆ ಬ್ಲಾಕಿನಲ್ಲಿ; ಬಾನೆಟ್ ಎತ್ತರವಾದದ್ದೇ ಇದಕ್ಕಾಗಿ. ಮೇಲಿನ ಮುಚ್ಚಳ ತೆಗೆದು ನಾಲ್ಕನ್ನು ಹೊಂದಿಸುವುದು ಸುಲಭ. ಉಳಿದ ನಾಲ್ಕು ಮ್ಯಾನಿಫೋಲ್ಡ್ ಕೆಳಗಿನ ಪಕ್ಕದ ಮುಚ್ಚಳದ ಹಿಂದಿವೆ, ಕೈ ಹೋಗುವುದು ಕಷ್ಟ, ಹಾಗಾಗಿ ಅವನ್ನು ಬಿಟ್ಟುಬಿಡುತ್ತಾರೆ. ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು. ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಒಟ್ಟಿಗೆ ಅಲುಗುವಾಗ ನಾಲ್ಕನೆಯದನ್ನು, ಎರಡನೆಯದು ಅಲುಗುವಾಗ ಮೂರನೆಯದನ್ನು ಹೊಂದಿಸಿ, ಆಮೇಲೆ ಅದಲುಬದಲು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 0.020, ಪ್ಲಗ್ ಸಂದು 0.030 ಇಂಚು, ಸಿಲಿಂಡರುಗಳು ಉರಿಯುವ ಸರದಿ 1-3-4-2.

ಸಂದು ತೀರಾ ಕಡಿಮೆಯಾದ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರದೆ ಅಂಚು ಸುಡುತ್ತದೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಸೈಲೆನ್ಸರ್ ತುದಿಗೆ ಕಾಗದದ ಚೂರು ಹಿಡಿಯಿರಿ. ಒಂದೇ ಸಮ ಹೊರಕ್ಕೆ ಪಟಪಟಿಸಿದರೆ ಸರಿ. ನಡುನಡುವೆ ಒಳಕ್ಕೆ ಸೆಳೆದುಕೊಂಡು ಕೊಳವೆಗೆ ಅಂಟಿದರೆ ವಾಲ್ವ್ ಸುಟ್ಟಿದೆ, ಹೆಡ್ ಬಿಚ್ಚಿ ಸೀಟಿನ ಸಮೇತ ನೋಡಬೇಕಾಗುತ್ತದೆ.